ಸುಕುಮಾರ್ ಸೇನ್

ಸುಕುಮಾರ್ ಸೇನ್ ಅವರು ಭಾರತದ ಪ್ರಥಮ ಮುಖ್ಯ ಚುನಾವಣಾ ಆಯುಕ್ತರು. 1950ರ ಮಾರ್ಚ್ 21ರಿಂದ 1958ರ ಡಿಸೆಂಬರ್ 19ರವರೆಗೆ ಅವರು ಈ ಹುದ್ದೆಯಲ್ಲಿದ್ದರು. ಸ್ವತಂತ್ರ ಭಾರತದ ಮೊದಲ ಎರಡು ಮಹಾಚುನಾವಣೆಗಳು, ಅಂದರೆ 1951-52ರ ಹಾಗೂ 1957ರ ಚುನಾವಣೆಗಳು, ಅವರ ಮೇಲ್ವಿಚಾರಣೆಯಲ್ಲಿ ನಡೆದವು. 1953ರಲ್ಲಿ ಸೂಡಾನ್ ದೇಶದ ಪ್ರಥಮ ಸಂಸತ್ ಚುನಾವಣೆಯನ್ನು ನಡೆಸಿದ ಅಂತರರಾಷ್ಟ್ರೀಯ ಆಯೋಗಕ್ಕೂ ಅವರೇ ಅಧ್ಯಕ್ಷರಾಗಿದ್ದರು. ಮುಂದೆ ಪಶ್ಚಿಮ ಬಂಗಾಳದ ಬರ್ದ್ವಾನ್ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳಾದರು. ಅಕ್ಷರ ಬಾರದ ಕೋಟ್ಯಂತರ ಜನರು ಗುಪ್ತವಾಗಿ, ನಿರ್ಭಯವಾಗಿ ಮತ ಹಾಕುವಂತಹ ವ್ಯವಸ್ಥೆಯನ್ನು ರೂಪಿಸಿದ ಅಧಿಕಾರಿ ಎಂದು ಇತಿಹಾಸಕಾರರು ಅವರನ್ನು ಗುರುತಿಸುತ್ತಾರೆ.

ಇದೇ ಹೆಸರಿನ ಬಂಗಾಳದ ಖ್ಯಾತ ಭಾಷಾವಿಜ್ಞಾನಿ ಹಾಗೂ ಸಾಹಿತ್ಯ ಚರಿತ್ರಕಾರ ಸುಕುಮಾರ್ ಸೇನ್ ಬೇರೊಬ್ಬರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸುಕುಮಾರ್ ಸೇನ್ ಅವರು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬಂಗಾಳಿ ಕುಟುಂಬವೊಂದರಲ್ಲಿ ಜನಿಸಿದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಬಳಿಕ ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನು ಅಭ್ಯಸಿಸಿ ಸುವರ್ಣ ಪದಕ ಪಡೆದರು. ಅವರ ಸಹೋದರ ಅಶೋಕ್ ಕುಮಾರ್ ಸೇನ್ ಪ್ರಸಿದ್ಧ ನ್ಯಾಯವಾದಿಗಳು. 1957ರಲ್ಲಿ ಕಲ್ಕತ್ತೆಯಿಂದ ಲೋಕಸಭೆಗೆ ಆಯ್ಕೆಯಾಗಿ, ಜವಾಹರಲಾಲ್ ನೆಹರೂ ಅವರ ಸರ್ಕಾರದಲ್ಲಿ ಕಾನೂನು ಸಚಿವರಾಗಿ ಸೇವೆ ಸಲ್ಲಿಸಿದರು.

ಆಡಳಿತ ಸೇವೆ

1920ರ ದಶಕದ ಆರಂಭದಲ್ಲಿ ಸೇನ್ ಅವರು ಇಂಡಿಯನ್ ಸಿವಿಲ್ ಸರ್ವೀಸ್ ಸೇರಿದರು. ಬಂಗಾಳ ಪ್ರಾಂತದ ಹಲವು ಜಿಲ್ಲೆಗಳಲ್ಲಿ ಆಡಳಿತಾಧಿಕಾರಿಯಾಗಿಯೂ ನ್ಯಾಯಾಧೀಶರಾಗಿಯೂ ಕೆಲಸ ಮಾಡಿದರು. ಈ ಎರಡು ಬಗೆಯ ಅನುಭವಗಳು ಮುಂದಿನ ಹುದ್ದೆಯಲ್ಲಿ ಅವರಿಗೆ ನೆರವಾದವು. ಚುನಾವಣಾಧಿಕಾರಿಯಾದವನು ಒಂದು ಕಡೆ ಲಕ್ಷಾಂತರ ಸಿಬ್ಬಂದಿಯಿಂದ ಕೆಲಸ ಮಾಡಿಸಬೇಕು. ಇನ್ನೊಂದು ಕಡೆ ಪಕ್ಷಗಳ ನಡುವಿನ ವಿವಾದಗಳಲ್ಲಿ ನ್ಯಾಯಾಧೀಶನಂತೆ ನಿಷ್ಪಕ್ಷಪಾತಿಯಾಗಿರಬೇಕು.

ದೇಶ ವಿಭಜನೆಯಾದ ಬಳಿಕ ಅವರು ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿಗಳಾದರು. ಪೂರ್ವ ಬಂಗಾಳದಿಂದ ನಿರಾಶ್ರಿತರು ನಿರಂತರವಾಗಿ ಬರುತ್ತಿದ್ದ ಕಾಲವದು. ಆ ಹುದ್ದೆಯಲ್ಲಿದ್ದಾಗಲೇ ಭಾರತದ ಪ್ರಥಮ ಮುಖ್ಯ ಚುನಾವಣಾ ಆಯುಕ್ತರಾಗಿ ಅವರು ನೇಮಕಗೊಂಡರು.

ಚುನಾವಣಾ ಆಯೋಗದ ಸ್ಥಾಪನೆ

ಬ್ರಿಟಿಷರ ಆಳ್ವಿಕೆಯಲ್ಲಿ ಮತದಾನದ ಹಕ್ಕು ಎಲ್ಲರಿಗೂ ಇರಲಿಲ್ಲ. 1935ರ ಕಾಯಿದೆಯ ಅನ್ವಯ 1937ರಲ್ಲಿ ಪ್ರಾಂತೀಯ ಚುನಾವಣೆಗಳು ನಡೆದಾಗ ಮತದಾರರ ಸಂಖ್ಯೆ ಮೂರು ಕೋಟಿಯಷ್ಟಿತ್ತು. ಆಸ್ತಿ, ತೆರಿಗೆ, ವಿದ್ಯಾಭ್ಯಾಸ ಮುಂತಾದವು ಅರ್ಹತೆಯ ಅಳತೆಗೋಲುಗಳಾಗಿದ್ದವು. ಆಸ್ತಿಯುಳ್ಳ ಪುರುಷನ ಪತ್ನಿ ಅಥವಾ ವಿಧವೆ ಎಂಬ ಕಾರಣದಿಂದ ಕೆಲವು ಮಹಿಳೆಯರಿಗೆ ಮತ ದೊರೆಯುತ್ತಿತ್ತು. ಧರ್ಮದ ಆಧಾರದ ಮೇಲೆ ಪ್ರತ್ಯೇಕ ಮತಪಟ್ಟಿಗಳೂ ಇದ್ದವು.

1950ರಲ್ಲಿ ಜಾರಿಗೆ ಬಂದ ಸಂವಿಧಾನ ಈ ವ್ಯವಸ್ಥೆಯನ್ನು ಸಂಪೂರ್ಣವಾಗಿ ಬದಲಿಸಿತು. 326ನೆಯ ವಿಧಿ 21 ವರ್ಷ ತುಂಬಿದ ಪ್ರತಿಯೊಬ್ಬ ನಾಗರಿಕನಿಗೂ ಮತದ ಹಕ್ಕನ್ನು ನೀಡಿತು. 325ನೆಯ ವಿಧಿ ಪ್ರತಿ ಕ್ಷೇತ್ರಕ್ಕೂ ಒಂದೇ ಸಾಮಾನ್ಯ ಮತದಾರರ ಪಟ್ಟಿ ಇರಬೇಕೆಂದೂ, ಧರ್ಮ, ಜನಾಂಗ, ಜಾತಿ, ಲಿಂಗಗಳ ಕಾರಣದಿಂದ ಯಾರನ್ನೂ ಅದರಿಂದ ಹೊರಗಿಡಬಾರದೆಂದೂ ವಿಧಿಸಿತು. 324ನೆಯ ವಿಧಿ ಪಟ್ಟಿಯ ತಯಾರಿ ಮತ್ತು ಚುನಾವಣೆಯ ನಿರ್ವಹಣೆಯನ್ನು ಸರ್ಕಾರದ ಕೈಯಲ್ಲಿ ಬಿಡದೆ ಸ್ವತಂತ್ರ ಆಯೋಗವೊಂದಕ್ಕೆ ಒಪ್ಪಿಸಿತು. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ತೆಗೆಯುವ ಕ್ರಮದಿಂದಲ್ಲದೆ ಬೇರೆ ರೀತಿಯಲ್ಲಿ ಮುಖ್ಯ ಚುನಾವಣಾ ಆಯುಕ್ತರನ್ನು ಹುದ್ದೆಯಿಂದ ತೆಗೆಯುವಂತಿಲ್ಲ. ಅಧಿಕಾರದಲ್ಲಿರುವ ಪಕ್ಷಕ್ಕೆ ಅಪ್ರಿಯವಾದ ತೀರ್ಮಾನವನ್ನೂ ಅವರು ಅಂಜದೆ ಕೈಗೊಳ್ಳಬೇಕೆಂಬುದು ಈ ರಕ್ಷಣೆಯ ಉದ್ದೇಶ.

ಆಯೋಗವು 1950ರ ಜನವರಿ 25ರಂದು, ಗಣರಾಜ್ಯೋತ್ಸವದ ಹಿಂದಿನ ದಿನ, ಅಸ್ತಿತ್ವಕ್ಕೆ ಬಂದಿತು. ಅದು ಏಕಸದಸ್ಯ ಆಯೋಗವಾಗಿತ್ತು. ಮಾರ್ಚ್ 21ರಂದು ಅಧಿಕಾರ ವಹಿಸಿಕೊಂಡ ಸೇನ್ ಅವರೇ ಅದರ ಏಕೈಕ ಆಯುಕ್ತರು. ಆಗಿನ್ನೂ ಕ್ಷೇತ್ರಗಳ ಗಡಿಗಳು ನಿರ್ಧಾರವಾಗಿರಲಿಲ್ಲ, ಚುನಾವಣೆಯ ಕಾನೂನು ಪೂರ್ಣವಾಗಿ ರೂಪುಗೊಂಡಿರಲಿಲ್ಲ. ಮತದಾರರ ನೋಂದಣಿ ಮತ್ತು ಕ್ಷೇತ್ರಗಳ ಹಂಚಿಕೆಗೆ ಸಂಬಂಧಿಸಿದ ಪ್ರಜಾ ಪ್ರಾತಿನಿಧ್ಯ ಕಾಯಿದೆ 1950ರಲ್ಲಿ ಬಂದರೆ, ಚುನಾವಣೆ ನಡೆಸುವ ಕ್ರಮವನ್ನು ನಿಗದಿಪಡಿಸಿದ ಎರಡನೆಯ ಕಾಯಿದೆ 1951ರಲ್ಲಿ ಬಂದಿತು. ಚುನಾವಣೆಯನ್ನು 1951ರ ಮೊದಲ ಭಾಗದಲ್ಲೇ ಮುಗಿಸಬೇಕೆಂದು ಪ್ರಧಾನಿ ನೆಹರೂ ಆಶಿಸಿದ್ದರು. ಸಿದ್ಧತೆಯಿಲ್ಲದೆ ಚುನಾವಣೆಗೆ ಹೊರಡುವುದು ಸೇನ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಮತದಾನ 1951ರ ಅಕ್ಟೋಬರ್ ತಿಂಗಳಲ್ಲಿ ಆರಂಭವಾಯಿತು.

ಮತದಾರರ ಪಟ್ಟಿಯ ತಯಾರಿ

ಮತದಾರರ ಪಟ್ಟಿಯ ಕೆಲಸ ಸೇನ್ ಅವರಿಂದಲೇ ಮೊದಲಾದುದಲ್ಲ. ಸಂವಿಧಾನ ರಚನಾ ಸಭೆಯ ಸಚಿವಾಲಯವು ಸ್ವಾತಂತ್ರ್ಯ ಬಂದ ಕೆಲವೇ ತಿಂಗಳುಗಳಲ್ಲಿ ಇದನ್ನು ಕೈಗೆತ್ತಿಕೊಂಡಿತ್ತು. ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್ ಅವರು ಆ ಸಭೆಯ ಸಂವಿಧಾನ ಸಲಹೆಗಾರರಾಗಿದ್ದರು. ಸಂವಿಧಾನ ಅಂಗೀಕಾರವಾಗುವುದಕ್ಕೆ ಮೊದಲೇ ಪ್ರಾಂತಗಳಲ್ಲಿಯೂ ಸಂಸ್ಥಾನಗಳಲ್ಲಿಯೂ ನೋಂದಣಿದಾರರು ಮನೆಮನೆಗೆ ತೆರಳಿ ವಯಸ್ಕರ ಹೆಸರು ಬರೆದುಕೊಳ್ಳತೊಡಗಿದ್ದರು. ನೆಲೆ ಕಳೆದುಕೊಂಡು ಬಂದ ನಿರಾಶ್ರಿತರಿಗೆ ವಾಸದ ಅವಧಿಯ ದಾಖಲೆ ತೋರಿಸುವುದು ಅಸಾಧ್ಯವಾಗಿತ್ತು. ತಾವು ಆ ಊರಿನಲ್ಲಿಯೇ ನೆಲೆಸುವುದಾಗಿ ಅವರು ನೀಡಿದ ಘೋಷಣೆಯ ಆಧಾರದ ಮೇಲೆ ಅವರ ಹೆಸರುಗಳನ್ನು ಸೇರಿಸಿಕೊಳ್ಳಲಾಯಿತು.

ಈ ಹೆಸರುಗಳನ್ನು ಕ್ಷೇತ್ರವಾರು ಜೋಡಿಸಿ, ಬೆರಳಚ್ಚು ಮಾಡಿ, ಮುದ್ರಿಸುವ ಕಾರ್ಯ ಆಯೋಗದ ಪಾಲಿಗೆ ಬಂದಿತು. ಇದಕ್ಕಾಗಿ 16,500 ಗುಮಾಸ್ತರನ್ನು ಆರು ತಿಂಗಳ ಕರಾರಿನ ಮೇಲೆ ನೇಮಿಸಿಕೊಳ್ಳಲಾಯಿತು. ಪಟ್ಟಿಯ ಮುದ್ರಣಕ್ಕೆ ಸುಮಾರು 3,80,000 ರೀಮು ಕಾಗದ ಬೇಕಾಯಿತು. ಜಮ್ಮು ಮತ್ತು ಕಾಶ್ಮೀರವನ್ನು ಹೊರತುಪಡಿಸಿ ಪಟ್ಟಿಯಲ್ಲಿ ದಾಖಲಾದ ಮತದಾರರ ಸಂಖ್ಯೆ 17 ಕೋಟಿ 32 ಲಕ್ಷವನ್ನು ದಾಟಿತು. ಅಲ್ಲಿಯವರೆಗೆ ಜಗತ್ತಿನ ಯಾವ ಪ್ರಜಾಪ್ರಭುತ್ವವೂ ಇಷ್ಟು ಮತದಾರರ ಚುನಾವಣೆಯನ್ನು ನಡೆಸಿರಲಿಲ್ಲ.

ಮಹಿಳೆಯರ ಹೆಸರುಗಳ ಪ್ರಶ್ನೆ

ಸೇನ್ ಅವರ ಅಧಿಕಾರಾವಧಿಯಲ್ಲಿ ಅತ್ಯಂತ ಹೆಚ್ಚು ಚರ್ಚೆಗೆ ಒಳಗಾದ ತೀರ್ಮಾನ ಮಹಿಳಾ ಮತದಾರರಿಗೆ ಸಂಬಂಧಿಸಿದುದು. ಉತ್ತರ ಭಾರತದ ಅನೇಕ ಪ್ರದೇಶಗಳಲ್ಲಿ, ಮುಖ್ಯವಾಗಿ ಬಿಹಾರ, ಉತ್ತರ ಪ್ರದೇಶ, ಮಧ್ಯ ಭಾರತ, ರಾಜಸ್ಥಾನ ಮತ್ತು ವಿಂಧ್ಯ ಪ್ರದೇಶಗಳಲ್ಲಿ, ಮಹಿಳೆಯರು ಪರಪುರುಷರ ಮುಂದೆ ತಮ್ಮ ಹೆಸರು ಹೇಳಲು ಒಪ್ಪುತ್ತಿರಲಿಲ್ಲ; ಮನೆಯವರೂ ಹೇಳುತ್ತಿರಲಿಲ್ಲ. ನೋಂದಣಿದಾರರು ಅಂತಹವರನ್ನು ಇಂಥವರ ತಾಯಿ, ಇಂಥವರ ಪತ್ನಿ, ಇಂಥವರ ಮಗಳು ಎಂದು ಬರೆದುಕೊಂಡು ಬಂದಿದ್ದರು.

ಇಂತಹ ನಮೂದುಗಳನ್ನು ಒಪ್ಪುವಂತಿಲ್ಲವೆಂದು ಆಯೋಗ ಆದೇಶಿಸಿತು. ಹೆಸರೇ ಇಲ್ಲದಿದ್ದರೆ ಮತಗಟ್ಟೆಗೆ ಬಂದವರು ಯಾರೆಂದು ಗುರುತಿಸುವುದು ಹೇಗೆ ಎಂಬುದು ಆಡಳಿತದ ದೃಷ್ಟಿಯ ಪ್ರಶ್ನೆ. ಇದರ ಹಿಂದೆ ಇನ್ನೂ ಆಳವಾದ ಪ್ರಶ್ನೆಯೊಂದಿತ್ತು. ಸಂವಿಧಾನವು ಮತವನ್ನು ನೀಡಿದ್ದು ವ್ಯಕ್ತಿಗೆ, ಕುಟುಂಬಕ್ಕಲ್ಲ. ಮಹಿಳೆಯನ್ನು ಪತಿಯ ಅಥವಾ ಮಗನ ಮೂಲಕವೇ ಗುರುತಿಸಿದರೆ, ಪತಿಯ ಆಸ್ತಿಯ ಬಲದಿಂದ ಆಕೆಗೆ ಮತ ನೀಡುತ್ತಿದ್ದ ಹಳೆಯ ವ್ಯವಸ್ಥೆಯ ನೆರಳು ಹೊಸ ಪಟ್ಟಿಯ ಮೇಲೂ ಉಳಿದಂತಾಗುತ್ತಿತ್ತು. ಹೆಸರನ್ನು ತಿಳಿಸಿ ನಮೂದನ್ನು ತಿದ್ದಿಸಿಕೊಳ್ಳಲು ಅವಕಾಶ ನೀಡಲಾಯಿತು. ಬಿಹಾರದಂತಹ ಕಡೆ ಹೆಚ್ಚಿನ ಕಾಲಾವಕಾಶವೂ ದೊರೆಯಿತು. ಆದರೂ ದೇಶದ ಸುಮಾರು ಎಂಟು ಕೋಟಿ ಮಹಿಳಾ ಮತದಾರರ ಪೈಕಿ ಸುಮಾರು 28 ಲಕ್ಷ ಮಂದಿಯ ನಮೂದುಗಳನ್ನು ಅಂತಿಮವಾಗಿ ಕೈಬಿಡಬೇಕಾಯಿತು.

ಈ ಕ್ರಮಕ್ಕೆ ಟೀಕೆಗಳು ವ್ಯಕ್ತವಾದವು. ಎಲ್ಲರಿಗೂ ಮತ ನೀಡುವ ಮೊದಲ ಚುನಾವಣೆಯಲ್ಲಿಯೇ ಲಕ್ಷಾಂತರ ಮಹಿಳೆಯರು, ಅವರದಲ್ಲದ ತಪ್ಪಿಗಾಗಿ, ಮತಗಟ್ಟೆಯಿಂದ ಹೊರಗುಳಿದರು ಎಂಬುದು ನಿರಾಕರಿಸಲಾಗದ ಸಂಗತಿ. ಅನೇಕರಿಗೆ ಸಂಪ್ರದಾಯವನ್ನು ಮೀರುವ ಸ್ವಾತಂತ್ರ್ಯವಾಗಲಿ, ನಿಯಮದ ತಿಳಿವಳಿಕೆಯಾಗಲಿ ಇರಲಿಲ್ಲ. ಸೇನ್ ಅವರು ತಮ್ಮ ನಿಲುವನ್ನು ಬದಲಿಸಲಿಲ್ಲ. ಹೆಸರು ಕೈಬಿಟ್ಟಿದ್ದರಿಂದ ಎದ್ದ ಕೋಲಾಹಲವೇ ಮುಂದಿನ ಚುನಾವಣೆಯ ವೇಳೆಗೆ ಈ ಹಿಂಜರಿಕೆಯನ್ನು ಹೋಗಲಾಡಿಸುತ್ತದೆ ಎಂಬುದು ಅವರ ನಿರೀಕ್ಷೆಯಾಗಿತ್ತು. 1957ರ ವೇಳೆಗೆ ಮಹಿಳೆಯರ ನೋಂದಣಿ ಗಮನಾರ್ಹವಾಗಿ ಸುಧಾರಿಸಿತು. ಒಂದು ಚುನಾವಣೆಯ ಮಟ್ಟಿಗೆ 28 ಲಕ್ಷ ಮಹಿಳೆಯರು ತೆತ್ತ ಬೆಲೆ ಅದಕ್ಕೆ ತಕ್ಕುದಾಗಿತ್ತೇ ಎಂಬ ಬಗ್ಗೆ ಅಭಿಪ್ರಾಯಭೇದ ಸಾಧ್ಯ.

ಮತದಾನದ ವಿಧಾನ

1951ರ ಜನಗಣತಿಯ ಪ್ರಕಾರ ದೇಶದ ಸಾಕ್ಷರತೆ ಶೇಕಡ 18.33, ಮಹಿಳೆಯರ ಸಾಕ್ಷರತೆ ಶೇಕಡ 8.86 ಮಾತ್ರ. ಅಭ್ಯರ್ಥಿಗಳ ಹೆಸರು ಓದಿ ಗುರುತು ಹಾಕುವ ಪದ್ಧತಿ ಇಲ್ಲಿ ನಡೆಯುವಂತಿರಲಿಲ್ಲ. ಓದಲು ಬಾರದ ಮತದಾರ ಇನ್ನೊಬ್ಬರ ಸಹಾಯ ಕೇಳಿದರೆ ಮತದ ಗೋಪ್ಯತೆ ಉಳಿಯುವುದಿಲ್ಲ. ಗೋಪ್ಯತೆ ಇಲ್ಲದ ಕಡೆ ಜಮೀನ್ದಾರನಿಗೋ ಸಾಲ ಕೊಟ್ಟವನಿಗೋ ಅಂಜಿ ಮತ ಹಾಕುವ ಸ್ಥಿತಿ ಬರುತ್ತದೆ.

ಇದಕ್ಕೆ ಪರಿಹಾರವಾಗಿ ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಮತಪೆಟ್ಟಿಗೆಯನ್ನು ಇಡುವ ಪದ್ಧತಿಯನ್ನು ಅನುಸರಿಸಲಾಯಿತು. ಪಕ್ಷಗಳಿಗೆ ದೈನಂದಿನ ಬದುಕಿನಲ್ಲಿ ಎಲ್ಲರಿಗೂ ಪರಿಚಿತವಾದ ವಸ್ತುಗಳನ್ನು ಚಿಹ್ನೆಗಳಾಗಿ ನೀಡಲಾಯಿತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿ ಪಕ್ಷಕ್ಕೆ ಆಲದ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಕಮ್ಯುನಿಸ್ಟ್ ಪಕ್ಷಕ್ಕೆ ತೆನೆ ಮತ್ತು ಕುಡುಗೋಲು, ಜನಸಂಘಕ್ಕೆ ದೀಪ ದೊರೆತವು. ಮತದಾರನಿಗೆ ನೀಡುತ್ತಿದ್ದ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿರಲಿಲ್ಲ. ಅದನ್ನು ಹಿಡಿದು ಮರೆಯ ಹಿಂದೆ ಹೋಗಿ, ತನಗೆ ಬೇಕಾದ ಚಿಹ್ನೆ ಅಂಟಿಸಿದ್ದ ಪೆಟ್ಟಿಗೆಯೊಳಗೆ ಹಾಕಿದರೆ ಮತದಾನ ಮುಗಿಯುತ್ತಿತ್ತು. ಲೋಕಸಭೆಗೂ ವಿಧಾನಸಭೆಗೂ ಏಕಕಾಲದಲ್ಲಿ ಚುನಾವಣೆ ನಡೆದುದರಿಂದ ಮತದಾರ ಈ ಕ್ರಮವನ್ನು ಎರಡು ಬಾರಿ ಅನುಸರಿಸಬೇಕಾಗಿತ್ತು.

ಈ ಪದ್ಧತಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉಕ್ಕಿನ ಪೆಟ್ಟಿಗೆಗಳೂ, ಅವುಗಳ ತಯಾರಿಕೆಗೆ ಸುಮಾರು 8,200 ಟನ್ ಉಕ್ಕೂ ಬೇಕಾದವು. ಮುಂಬಯಿಯ ವಿಖ್ರೋಲಿಯಲ್ಲಿದ್ದ ಗೋದ್ರೆಜ್ ಕಾರ್ಖಾನೆಯೊಂದೇ 12 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಪೂರೈಸಿತು. ಮತಪತ್ರಗಳು ನಾಸಿಕದ ಭದ್ರತಾ ಮುದ್ರಣಾಲಯದಲ್ಲಿ ಮುದ್ರಣಗೊಂಡವು. ಒಬ್ಬನೇ ಎರಡು ಬಾರಿ ಮತ ಹಾಕುವುದನ್ನು ತಡೆಯಲು ಭಾರತೀಯ ವಿಜ್ಞಾನಿಗಳು ರೂಪಿಸಿದ ಅಳಿಸಲಾಗದ ಶಾಯಿಯನ್ನು ಬೆರಳಿಗೆ ಹಚ್ಚಲಾಯಿತು. ಈ ಶಾಯಿಯ ಸುಮಾರು 3,89,800 ಸೀಸೆಗಳು ಬಳಕೆಯಾದವು.

ಪದ್ಧತಿಯಲ್ಲಿ ದೋಷಗಳೂ ಇದ್ದವು. ಪೆಟ್ಟಿಗೆಗಳ ಬಳಿ ಮತದಾರ ಒಬ್ಬನೇ ಇರುತ್ತಿದ್ದುದರಿಂದ ಮತಪತ್ರವನ್ನು ಹಾಕದೆ ಹೊರಗೆ ಒಯ್ದು ಮಾರುವ ಸಾಧ್ಯತೆಯಿತ್ತು. ಅಭ್ಯರ್ಥಿಗಳು ಹೆಚ್ಚಿದಂತೆ ಪೆಟ್ಟಿಗೆಗಳ ಸಂಖ್ಯೆಯೂ ಹೆಚ್ಚುತ್ತಿತ್ತು. ಹೀಗಾಗಿ ಮುಂದೆ ಎಲ್ಲ ಅಭ್ಯರ್ಥಿಗಳ ಹೆಸರು ಮತ್ತು ಚಿಹ್ನೆಗಳಿರುವ ಒಂದೇ ಮತಪತ್ರದ ಮೇಲೆ ಗುರುತು ಹಾಕುವ ಪದ್ಧತಿ ಜಾರಿಗೆ ಬಂದು, 1962ರ ಮಹಾಚುನಾವಣೆಯ ವೇಳೆಗೆ ಹಳೆಯ ಪದ್ಧತಿಯ ಸ್ಥಾನವನ್ನು ಪಡೆಯಿತು. ಚಿಹ್ನೆಗಳು ಮಾತ್ರ ಇಂದಿಗೂ ಮುಂದುವರಿದಿವೆ.

1951-52ರ ಮಹಾಚುನಾವಣೆ

ಮೊದಲ ಮತದಾನ 1951ರ ಅಕ್ಟೋಬರ್ 25ರಂದು ಹಿಮಾಚಲ ಪ್ರದೇಶದ ಚಿನಿ ತಾಲ್ಲೂಕಿನಲ್ಲಿ ನಡೆಯಿತು. ಇಂದು ಇದು ಕಿನ್ನೌರ್ ಜಿಲ್ಲೆಗೆ ಸೇರಿದೆ. ಚಳಿಗಾಲದ ಹಿಮದಿಂದ ಕಣಿವೆಯ ದಾರಿಗಳು ಮುಚ್ಚಿಹೋಗುವ ಮೊದಲೇ ಅಲ್ಲಿನ ಜನರು ಮತ ಹಾಕಲೆಂದು ಈ ಏರ್ಪಾಡು. ದೇಶದ ಬಹುಭಾಗದಲ್ಲಿ ಮತದಾನ ನಡೆದದ್ದು 1952ರ ಜನವರಿ ಮತ್ತು ಫೆಬ್ರವರಿ ತಿಂಗಳುಗಳಲ್ಲಿ. ಸುಮಾರು ಎರಡು ಲಕ್ಷ ಮತಗಟ್ಟೆಗಳ ಪೈಕಿ 27,000ಕ್ಕೂ ಹೆಚ್ಚು ಮತಗಟ್ಟೆಗಳನ್ನು ಮಹಿಳೆಯರಿಗಾಗಿಯೇ ಮೀಸಲಿಡಲಾಗಿತ್ತು. ಮತದಾನದ ಮಹತ್ವ ಮತ್ತು ವಿಧಾನಗಳನ್ನು ಜನರಿಗೆ ತಿಳಿಸಲು ಆಕಾಶವಾಣಿಯನ್ನು ಬಳಸಲಾಯಿತು; 3,000ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಸಾಕ್ಷ್ಯಚಿತ್ರ ಪ್ರದರ್ಶನಗೊಂಡಿತು.

ಲೋಕಸಭೆಯ 489 ಸ್ಥಾನಗಳು 401 ಕ್ಷೇತ್ರಗಳಲ್ಲಿ ಹಂಚಿಹೋಗಿದ್ದವು. ಇವುಗಳಲ್ಲಿ 86 ಕ್ಷೇತ್ರಗಳಿಂದ ತಲಾ ಇಬ್ಬರು, ಒಂದು ಕ್ಷೇತ್ರದಿಂದ ಮೂವರು ಆಯ್ಕೆಯಾಗಬೇಕಿತ್ತು. ಪರಿಶಿಷ್ಟರ ಮೀಸಲು ಸ್ಥಾನಗಳನ್ನು ಒದಗಿಸಲು ಇಂತಹ ಬಹುಸದಸ್ಯ ಕ್ಷೇತ್ರಗಳು ಬಳಕೆಯಾದವು. ದ್ವಿಸದಸ್ಯ ಕ್ಷೇತ್ರದ ಮತದಾರನಿಗೆ ಎರಡು ಮತಗಳಿದ್ದರೂ ಅವೆರಡನ್ನೂ ಒಬ್ಬನೇ ಅಭ್ಯರ್ಥಿಗೆ ನೀಡುವಂತಿರಲಿಲ್ಲ. ಈ ನಿಯಮ ಅನೇಕರಿಗೆ ಅರ್ಥವಾಗದೆ ಮತಗಳು ಅಸಿಂಧುವಾದದ್ದೂ ಉಂಟು.

ಚುನಾವಣೆಯ ನಡುವೆ ಕಾನೂನಿನ ಪ್ರಮುಖ ಪ್ರಶ್ನೆಯೊಂದು ಎದುರಾಯಿತು. ಮದ್ರಾಸ್ ರಾಜ್ಯದ ನಾಮಕ್ಕಲ್ ಕ್ಷೇತ್ರದಲ್ಲಿ ನಾಮಪತ್ರ ತಿರಸ್ಕೃತವಾದ ಪೊನ್ನುಸ್ವಾಮಿ ಎಂಬ ಅಭ್ಯರ್ಥಿ ನ್ಯಾಯಾಲಯದ ಮೊರೆ ಹೋದರು. ಚುನಾವಣಾ ಪ್ರಕ್ರಿಯೆ ಒಮ್ಮೆ ಆರಂಭವಾದ ಮೇಲೆ ನ್ಯಾಯಾಲಯಗಳು ನಡುವೆ ಪ್ರವೇಶಿಸುವಂತಿಲ್ಲ, ಆಕ್ಷೇಪವಿದ್ದವರು ಫಲಿತಾಂಶದ ಬಳಿಕ ಚುನಾವಣಾ ಅರ್ಜಿಯ ಮೂಲಕವೇ ಪರಿಹಾರ ಪಡೆಯಬೇಕು ಎಂದು ಸರ್ವೋಚ್ಚ ನ್ಯಾಯಾಲಯ 1952ರ ಜನವರಿಯಲ್ಲಿ ತೀರ್ಪಿತ್ತಿತು. ವ್ಯಾಜ್ಯಗಳಿಂದ ಚುನಾವಣೆಯ ವೇಳಾಪಟ್ಟಿ ಅಸ್ತವ್ಯಸ್ತವಾಗುವ ಭೀತಿ ಇದರಿಂದ ತಪ್ಪಿತು. ಇದರೊಂದಿಗೆ ಚುನಾವಣಾಧಿಕಾರಿಗಳ ಹೊಣೆಯೂ ಹೆಚ್ಚಿತು. ಅವರು ಮಾಡಿದ ತಪ್ಪನ್ನು ಮತದಾನಕ್ಕೆ ಮೊದಲು ತಿದ್ದುವ ನ್ಯಾಯಾಲಯ ಇರುವುದಿಲ್ಲ ಎಂಬುದು ಇದರ ಅರ್ಥವಾಗಿತ್ತು.

ಮತದಾನದ ಪ್ರಮಾಣ ಶೇಕಡ 45ರಷ್ಟಿತ್ತು. ಕಾಂಗ್ರೆಸ್ 364 ಲೋಕಸಭಾ ಸ್ಥಾನಗಳನ್ನು ಗೆದ್ದು ಭಾರಿ ಬಹುಮತ ಗಳಿಸಿತು. ಆದರೂ ಅಧಿಕಾರದಲ್ಲಿದ್ದ ಪ್ರಮುಖರನೇಕರು ಸೋತರು. ಮುಂಬಯಿ ರಾಜ್ಯದ ಗೃಹಸಚಿವರಾಗಿದ್ದ ಮೊರಾರ್ಜಿ ದೇಸಾಯಿ ಕೇವಲ 19 ಮತಗಳ ಅಂತರದಿಂದ ವಿಧಾನಸಭಾ ಸ್ಥಾನ ಕಳೆದುಕೊಂಡರು. ರಾಜಸ್ಥಾನದ ಮುಖ್ಯಮಂತ್ರಿ ಜಯನಾರಾಯಣ ವ್ಯಾಸರೂ ಸೋಲನ್ನು ಕಂಡರು. ಕೆಲವೇ ತಿಂಗಳುಗಳ ಹಿಂದೆ ಕೇಂದ್ರ ಸಚಿವ ಸ್ಥಾನಕ್ಕೆ ರಾಜೀನಾಮೆ ನೀಡಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರು ಮುಂಬಯಿಯಲ್ಲಿ ಪರಾಭವಗೊಂಡು, ಆ ಫಲಿತಾಂಶವನ್ನು ಚುನಾವಣಾ ಅರ್ಜಿಯ ಮೂಲಕ ಪ್ರಶ್ನಿಸಿದರು, ಅರ್ಜಿ ಫಲಿಸಲಿಲ್ಲ. ಆಳುವ ಪಕ್ಷದ ಸಚಿವನೊಬ್ಬ 19 ಮತಗಳಿಂದ ಸೋತು ಆ ಎಣಿಕೆ ಹಾಗೆಯೇ ನಿಂತಿತು ಎಂಬ ಸಂಗತಿಯನ್ನು ಆ ಚುನಾವಣೆಯ ನಿಷ್ಪಕ್ಷಪಾತಕ್ಕೆ ಒಂದು ನಿದರ್ಶನವಾಗಿ ಕಾಣಬಹುದು.

ಕನ್ನಡ ನಾಡಿನಲ್ಲಿ ಮೊದಲ ಚುನಾವಣೆಗಳು

ಮೊದಲ ಮಹಾಚುನಾವಣೆಯ ಕಾಲದಲ್ಲಿ ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಹಳೆಯ ಮೈಸೂರಿನವರು ಮೈಸೂರು ರಾಜ್ಯದಲ್ಲಿ, ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಕಾರವಾರದ ಜನರು ಮುಂಬಯಿ ರಾಜ್ಯದಲ್ಲಿ, ಕಲಬುರಗಿ, ರಾಯಚೂರು ಮತ್ತು ಬೀದರಿನವರು ಹೈದರಾಬಾದ್ ರಾಜ್ಯದಲ್ಲಿ, ಮಂಗಳೂರಿನವರು ಮದ್ರಾಸ್ ರಾಜ್ಯದಲ್ಲಿ, ಕೊಡಗಿನವರು ಪ್ರತ್ಯೇಕ ಕೊಡಗು ರಾಜ್ಯದಲ್ಲಿ ಮತ ಚಲಾಯಿಸಿದರು. ಮೈಸೂರು ಸಂಸ್ಥಾನದಲ್ಲಿ 1881ರಿಂದಲೂ ಪ್ರಜಾ ಪ್ರತಿನಿಧಿ ಸಭೆಯಿತ್ತಾದರೂ ಅದರ ಮತಾಧಿಕಾರ ಸೀಮಿತವಾಗಿತ್ತು. ವಯಸ್ಕರೆಲ್ಲರೂ ಮತ ಹಾಕಿದ್ದು 1952ರಲ್ಲಿಯೇ ಮೊದಲು. ಆ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಗೆ 99, ಕೊಡಗಿನ ವಿಧಾನಸಭೆಗೆ 24 ಸದಸ್ಯರು ಆಯ್ಕೆಯಾದರು. ಕೆಂಗಲ್ ಹನುಮಂತಯ್ಯನವರು ಮೈಸೂರಿನ ಮುಖ್ಯಮಂತ್ರಿಗಳಾದರು.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದ ಬಳಿಕ ಕೆಲವೇ ತಿಂಗಳುಗಳಲ್ಲಿ ಎರಡನೆಯ ಮಹಾಚುನಾವಣೆ ಎದುರಾಯಿತು. ಆಗ ವಿಧಾನಸಭೆಯ 208 ಹಾಗೂ ಲೋಕಸಭೆಯ 26 ಸ್ಥಾನಗಳಿಗೆ ಮತದಾನ ನಡೆಯಿತು. ಏಕೀಕರಣಗೊಂಡ ನಾಡಿನ ಜನರು ಒಂದೇ ಶಾಸನಸಭೆಗೆ ಮತ ಹಾಕಿದ ಮೊದಲ ಚುನಾವಣೆ ಇದು.

ಸೂಡಾನಿನ ಚುನಾವಣೆ

1953ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಈಜಿಪ್ಟ್ ದೇಶಗಳು ಸೂಡಾನಿಗೆ ಸ್ವಯಮಾಡಳಿತ ನೀಡುವ ಒಪ್ಪಂದಕ್ಕೆ ಸಹಿ ಹಾಕಿದವು. ಎರಡೂ ದೇಶಗಳಿಗೆ ಫಲಿತಾಂಶದಲ್ಲಿ ಆಸಕ್ತಿಯಿದ್ದುದರಿಂದ ಚುನಾವಣೆಯ ಮೇಲ್ವಿಚಾರಣೆಯನ್ನು ಏಳು ಸದಸ್ಯರ ಮಿಶ್ರ ಆಯೋಗಕ್ಕೆ ವಹಿಸಲಾಯಿತು. ಇದರಲ್ಲಿ ಸೂಡಾನಿನ ಮೂವರು, ಬ್ರಿಟನ್, ಈಜಿಪ್ಟ್ ಮತ್ತು ಅಮೆರಿಕಗಳ ತಲಾ ಒಬ್ಬರು ಇದ್ದರು. ಅಧ್ಯಕ್ಷ ಸ್ಥಾನ ಭಾರತಕ್ಕೆ ದೊರೆತು, ಸೇನ್ ಅವರು ಆ ಹೊಣೆ ಹೊತ್ತರು.

ಅಲ್ಲಿಯೂ ಸಾಕ್ಷರತೆ ಕಡಿಮೆ, ದೂರ ಹೆಚ್ಚು, ಸಂಚಾರ ಕಷ್ಟ. ವರ್ಷದ ಕೊನೆಯಲ್ಲಿ ನಡೆದ ಚುನಾವಣೆಯಲ್ಲಿ ಪ್ರತಿನಿಧಿಗಳ ಸಭೆಯ 97 ಸ್ಥಾನಗಳ ಪೈಕಿ 51ನ್ನು ನ್ಯಾಷನಲ್ ಯೂನಿಯನಿಸ್ಟ್ ಪಕ್ಷ ಗೆದ್ದುಕೊಂಡಿತು. ಆ ಪಕ್ಷದ ಇಸ್ಮಾಯಿಲ್ ಅಲ್ ಅಜ್ಹರಿ 1954ರ ಜನವರಿಯಲ್ಲಿ ಪ್ರಧಾನಿಯಾದರು. 1956ರ ಜನವರಿ 1ರಂದು ಸೂಡಾನ್ ಸ್ವತಂತ್ರವಾಯಿತು. ಭಾರತದ ಚುನಾವಣಾ ಅನುಭವ ಇನ್ನೊಂದು ದೇಶಕ್ಕೆ ನೆರವಾದ ಆರಂಭಿಕ ಸಂದರ್ಭಗಳಲ್ಲಿ ಇದು ಒಂದು.

1957ರ ಮಹಾಚುನಾವಣೆ

ಎರಡನೆಯ ಮಹಾಚುನಾವಣೆಗೆ ಮುನ್ನ ಕ್ಷೇತ್ರ ಪುನರ್ವಿಂಗಡಣಾ ಆಯೋಗವು ಹೊಸ ಜನಗಣತಿಯ ಆಧಾರದ ಮೇಲೆ ಕ್ಷೇತ್ರಗಳನ್ನು ಮರುರೂಪಿಸಿತು. ಸೇನ್ ಅವರು ಅದರ ಪದನಿಮಿತ್ತ ಸದಸ್ಯರಾಗಿದ್ದರು. ರಾಜ್ಯಗಳ ಪುನರ್ವಿಂಗಡಣೆಯಿಂದಾಗಿ ಪಟ್ಟಿಗಳನ್ನೂ ಗಡಿಗಳನ್ನೂ ಮತ್ತೆ ಹೊಂದಿಸಬೇಕಾಯಿತು. ಮತದಾರರ ಸಂಖ್ಯೆ 19 ಕೋಟಿ 36 ಲಕ್ಷಕ್ಕೆ, ಲೋಕಸಭೆಯ ಚುನಾಯಿತ ಸ್ಥಾನಗಳ ಸಂಖ್ಯೆ 494ಕ್ಕೆ ಏರಿತು.

ಮೊದಲ ಚುನಾವಣೆಯ ಪೆಟ್ಟಿಗೆಗಳನ್ನು ಸೇನ್ ಅವರು ಜೋಪಾನವಾಗಿ ಉಳಿಸಿದ್ದರು. ಇದರಿಂದ ಹೊಸ ಪೆಟ್ಟಿಗೆಗಳ ಅಗತ್ಯ ಕಡಿಮೆಯಾಗಿ, ಮತದಾರರು ಹೆಚ್ಚಿದ್ದರೂ ಮೊದಲ ಚುನಾವಣೆಗಿಂತ ಸುಮಾರು ನಾಲ್ಕೂವರೆ ಕೋಟಿ ರೂಪಾಯಿ ಕಡಿಮೆ ಖರ್ಚಿನಲ್ಲಿ ಈ ಚುನಾವಣೆ ಮುಗಿಯಿತು. ಕೇಂದ್ರದಲ್ಲಿ ಕಾಂಗ್ರೆಸ್ ಅಧಿಕಾರದಲ್ಲಿ ಮುಂದುವರಿದರೂ ಕೇರಳದಲ್ಲಿ ಕಮ್ಯುನಿಸ್ಟ್ ಪಕ್ಷ ಸರ್ಕಾರ ರಚಿಸಿತು. ಮತಪೆಟ್ಟಿಗೆಯ ಮೂಲಕ ಆಡಳಿತ ಒಂದು ಪಕ್ಷದಿಂದ ಅದರ ಪ್ರಬಲ ವಿರೋಧಿಗೆ ಶಾಂತಿಯುತವಾಗಿ ವರ್ಗಾವಣೆಯಾಗಬಹುದೆಂಬುದನ್ನು ಈ ಫಲಿತಾಂಶ ತೋರಿಸಿತು.

ನಂತರದ ಜೀವನ ಮತ್ತು ಗೌರವಗಳು

ಭಾರತ ಸರ್ಕಾರವು 1954ರಲ್ಲಿ, ಪದ್ಮ ಪ್ರಶಸ್ತಿಗಳು ಆರಂಭವಾದ ವರ್ಷದಲ್ಲಿಯೇ, ಸೇನ್ ಅವರಿಗೆ ಪದ್ಮಭೂಷಣ ನೀಡಿ ಗೌರವಿಸಿತು. 1958ರ ಡಿಸೆಂಬರಿನಲ್ಲಿ ಅವರು ನಿವೃತ್ತರಾದಾಗ ಕೆ. ವಿ. ಕೆ. ಸುಂದರಂ ಅವರು ಆ ಸ್ಥಾನಕ್ಕೆ ಬಂದರು. 1960ರಲ್ಲಿ ಬರ್ದ್ವಾನ್ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಸೇನ್ ಅವರು ಅದರ ಪ್ರಥಮ ಕುಲಪತಿಗಳಾಗಿ ನೇಮಕಗೊಂಡರು. 1960ರ ದಶಕದ ಮೊದಲ ವರ್ಷಗಳಲ್ಲಿ ಅವರು ನಿಧನರಾದರು. ಅವರು ಆತ್ಮಕಥೆಯನ್ನು ಬರೆಯಲಿಲ್ಲ. ಎರಡು ಮಹಾಚುನಾವಣೆಗಳ ಕುರಿತು ಆಯೋಗ ಪ್ರಕಟಿಸಿದ ವರದಿಗಳೇ ಅವರ ಕಾರ್ಯವನ್ನು ತಿಳಿಯಲು ಇರುವ ಮುಖ್ಯ ಆಧಾರಗಳು.

ಪರಂಪರೆ

ಸೇನ್ ಅವರ ಕಾಲದ ಏಕಸದಸ್ಯ ಆಯೋಗ ಈಗ ತ್ರಿಸದಸ್ಯ ಆಯೋಗವಾಗಿದೆ. ಸಂವಿಧಾನದ 61ನೆಯ ತಿದ್ದುಪಡಿಯ ಮೂಲಕ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿದೆ. ಆಯೋಗ ಸ್ಥಾಪನೆಯಾದ ಜನವರಿ 25ನ್ನು 2011ರಿಂದ ರಾಷ್ಟ್ರೀಯ ಮತದಾರರ ದಿನವಾಗಿ ಆಚರಿಸಲಾಗುತ್ತಿದೆ. ಬೆರಳಿಗೆ ಹಚ್ಚುವ ಶಾಯಿಯನ್ನು 1962ರಿಂದ ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆಯೇ ದೇಶಕ್ಕೆಲ್ಲ ಪೂರೈಸುತ್ತಿದೆ. ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದಾದ ಭಾರತ್ ಎಲೆಕ್ಟ್ರಾನಿಕ್ಸ್ ಬೆಂಗಳೂರಿನಲ್ಲಿದೆ. 1990ರಲ್ಲಿ ಅಲ್ಪಕಾಲ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ವಿ. ಎಸ್. ರಮಾದೇವಿ ಅವರು ಆ ಹುದ್ದೆಗೇರಿದ ಪ್ರಥಮ ಮಹಿಳೆ. ಅವರು ಮುಂದೆ ಕರ್ನಾಟಕದ ರಾಜ್ಯಪಾಲರಾದರು.

ಮತದಾರರ ಪಟ್ಟಿಯಲ್ಲಿ ಪ್ರತಿ ಮಹಿಳೆಯೂ ತನ್ನ ಹೆಸರಿನಿಂದಲೇ ದಾಖಲಾಗಬೇಕೆಂಬ ನಿಯಮ ಇಂದು ಯಾರ ಗಮನಕ್ಕೂ ಬಾರದಷ್ಟು ಸಹಜವಾಗಿದೆ. 2019ರ ಲೋಕಸಭಾ ಚುನಾವಣೆಯಲ್ಲಿ ಮಹಿಳೆಯರ ಮತದಾನದ ಪ್ರಮಾಣ ಪುರುಷರ ಪ್ರಮಾಣವನ್ನು ಮೊದಲ ಬಾರಿಗೆ ಅಲ್ಪ ಅಂತರದಿಂದ ಮೀರಿತು.